ಮೂಲೆಗೆ ಬಿದ್ದ ದೋಣಿ ಇಂಜಿನ್: ರಿಪೇರಿಯೋ, ಗುಜರಿಯೋ?

(ಕಡಲತೀರದ ಊರಿನ ಕಲಿಕಾ ಕೇಂದ್ರದಲ್ಲಿ ಮಹಿಳೆಯರ ಮುಂದೆ ಆಡಿದ ಮಾತು)



ಇವತ್ತು ನಾವು ಒಂದು ಹಳೆಯ ಇಂಜಿನ್ನಿನ ವಿಚಾರ ಮಾತಾಡುವ. "ಇಂಜಿನ್ ಗಂಡಸರ ವಿಷಯ, ನಮಗೆ ಎಂತಕ್ಕೆ?" ಅಂತ ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಂಜಿನ್ ಬಿಚ್ಚುವವರು ಗಂಡಸರು ಇರಬಹುದು. ಆದರೆ ರಿಪೇರಿಯ ದುಡ್ಡು ಎಲ್ಲಿಂದ ಬರುತ್ತದೆ? ಮೀನು ಮಾರಿ ಕೂಡಿಟ್ಟ ಡಬ್ಬಿಯಿಂದ ಬರುತ್ತದೆ. ಸಂಘದ ಸಾಲದಿಂದ ಬರುತ್ತದೆ. ಕೆಲವು ಸಲ ಕಿವಿಯ ಓಲೆ ಅಡವಿಟ್ಟು ಬರುತ್ತದೆ. ದುಡ್ಡು ನಮ್ಮದು ಅಂದ ಮೇಲೆ ಮಾತೂ ನಮ್ಮದು ಇರಬೇಕಲ್ಲ?

ನಮ್ಮ ಕಡಲತೀರದಲ್ಲಿ ಎಷ್ಟೋ ಮನೆಗಳ ಹಿಂದೆ ಒಂದು ಇಂಜಿನ್ ಬಿದ್ದಿರುತ್ತದೆ. ತೆಂಗಿನ ಮಡಲು ಮುಚ್ಚಿರುತ್ತದೆ. ಅಡಿಯಲ್ಲಿ ಇರುವೆ ಗೂಡು ಕಟ್ಟಿರುತ್ತದೆ. ಮನೆಯ ಯಜಮಾನ ತೀರಿಕೊಂಡಿರಬಹುದು. ಮಗ ಬೇರೆ ಊರಿಗೆ ಕೆಲಸಕ್ಕೆ ಹೋಗಿರಬಹುದು. ದೋಣಿ ಒಡೆದಿರಬಹುದು. ಇಂಜಿನ್ ಮಾತ್ರ ಅಲ್ಲೇ ಉಳಿದಿರುತ್ತದೆ.

ಒಂದು ದಿನ ಗುಜರಿಯವನು ಬರುತ್ತಾನೆ. "ಕಿಲೋ ಲೆಕ್ಕದಲ್ಲಿ ಕೊಡಿ ಅಕ್ಕ" ಅಂತಾನೆ. ಮಗ ಬರುತ್ತಾನೆ. "ಅಮ್ಮ, ಸ್ವಲ್ಪ ದುಡ್ಡು ಕೊಡು, ರಿಪೇರಿ ಮಾಡಿಸ್ತೇನೆ" ಅಂತಾನೆ. ಮಿಸ್ತ್ರಿ ಬರುತ್ತಾರೆ. "ಬಿಚ್ಚಿ ನೋಡುವ, ಆಮೇಲೆ ಹೇಳುವ" ಅಂತಾರೆ. ಮೂವರೂ ಮೂರು ಮಾತು ಹೇಳಿದರು. ನಾವು ಯಾರ ಮಾತು ಕೇಳುವುದು?

ಯಾರ ಮಾತನ್ನೂ ಕಣ್ಣು ಮುಚ್ಚಿ ಕೇಳುವುದು ಬೇಡ. ಇಂಜಿನ್ನನ್ನೇ ಕೇಳುವ. ಅದು ತನ್ನ ಕಥೆ ತಾನೇ ಹೇಳುತ್ತದೆ. ಹೇಗೆ ಕೇಳಬೇಕು ಅನ್ನುವುದೇ ಇವತ್ತಿನ ಮಾತು.

ಈ ಇಂಜಿನ್ ಎಲ್ಲಿಂದ ಬಂತು?

ದೋಣಿಯ ಹಿಂಬದಿಗೆ ಸಿಕ್ಕಿಸುವ ಈ ಇಂಜಿನ್ನಿಗೆ ಔಟ್‌ಬೋರ್ಡ್ ಇಂಜಿನ್ ಎಂದು ಹೆಸರು. ದೋಣಿಯ ಹೊರಗೆ ನೇತಾಡುವುದರಿಂದ ಆ ಹೆಸರು. ಅಮೆರಿಕ ದೇಶದ ಮಿಲ್ವಾಕಿ ಎಂಬ ಊರಿನಲ್ಲಿ ಒಲೆ ಎವಿನ್‌ರೂಡ್ ಎಂಬವರಿದ್ದರು. ಅವರು ಹುಟ್ಟಿದ್ದು ನಾರ್ವೆ ದೇಶದಲ್ಲಿ. 1909ರಲ್ಲಿ ಅವರು ಇಂಥ ಇಂಜಿನ್ ಮಾಡಿ ಮಾರತೊಡಗಿದರು. ಅದರ ಶಕ್ತಿ ಒಂದೂವರೆ ಅಶ್ವಶಕ್ತಿ ಮಾತ್ರ. ಅವರಿಗಿಂತ ಮೊದಲೂ ಇಂಥದ್ದನ್ನು ಮಾಡಿದವರು ಇದ್ದರು. ಆದರೆ ಎವಿನ್‌ರೂಡ್ ಇಂಜಿನ್ ಊರೂರಿಗೆ ಹೋಯಿತು.

ಯಾಕೆ ಹೋಯಿತು ಗೊತ್ತೇ? ಅವರ ಹೆಂಡತಿ ಬೆಸ್ ಇದ್ದರು. ಗಂಡ ಕಬ್ಬಿಣದ ಕೆಲಸ ನೋಡಿದರು. ಬೆಸ್ ಲೆಕ್ಕ ಬರೆದರು, ಪತ್ರ ಬರೆದರು, ಜಾಹೀರಾತು ಬರೆದರು. ವ್ಯಾಪಾರದ ಭಾರ ಅವರೇ ಹೊತ್ತರು. ನೋಡಿ, ಇಂಜಿನ್ನಿನ ಚರಿತ್ರೆಯ ಮೊದಲ ಪುಟದಲ್ಲೇ ಲೆಕ್ಕದ ಪುಸ್ತಕ ಹಿಡಿದ ಒಬ್ಬ ಹೆಂಗಸು ಇದ್ದಾರೆ.

ನಮ್ಮ ಕರಾವಳಿಯ ನಾಡದೋಣಿಗಳಿಗೆ ಈ ಇಂಜಿನ್ 1980ರ ದಶಕದಲ್ಲಿ ಹೆಚ್ಚಾಗಿ ಬಂತು. ಅದಕ್ಕೆ ಮೊದಲು ಹುಟ್ಟು ಹಾಕಿ, ಹಾಯಿ ಕಟ್ಟಿ ಹೋಗುತ್ತಿದ್ದರು. ಇಂಜಿನ್ ಬಂದ ಮೇಲೆ ದೂರ ಹೋಗಿ ಬೇಗ ಬರುವುದು ಸಾಧ್ಯವಾಯಿತು. ಮೀನು ತಾಜಾ ಇರುವಾಗಲೇ ನಮ್ಮ ಬುಟ್ಟಿಗೆ ಬಿತ್ತು.

ಇನ್ನೊಂದು ಮಾತೂ ಇದೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮರಿ ಹಾಕುವ ಕಾಲ. 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿಗೆ ಮಾತ್ರ ವಿನಾಯಿತಿ ಇದೆ. ಆಗ ಮೀನಿಗೆ ಬೆಲೆ ಬರುತ್ತದೆ. ಆದ್ದರಿಂದ ಒಂದು ಸಣ್ಣ ಇಂಜಿನ್ ಸುಸ್ಥಿತಿಯಲ್ಲಿದ್ದರೆ ಆ ಎರಡು ತಿಂಗಳು ಮನೆಯ ಒಲೆ ಉರಿಯುತ್ತದೆ. ಇಂಜಿನ್ನಿನ ಬೆಲೆ ಇರುವುದು ಇದರಲ್ಲಿ. ಅದರ ಅಪಾಯವೂ ಇದರಲ್ಲೇ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಕೇಳುವ ಮೂರು ಪ್ರಶ್ನೆ

ದುಡ್ಡು ಬಿಚ್ಚುವ ಮೊದಲು, ಸ್ಪ್ಯಾನರ್ ಹಿಡಿಯುವ ಮೊದಲು, ಮೂರು ಪ್ರಶ್ನೆ ಕೇಳಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಒಂದನೆಯ ಪ್ರಶ್ನೆ: ಇದು ನೀರಿಗೆ ಬಿದ್ದ ಇಂಜಿನ್ನೋ? ದೋಣಿ ಮಗುಚಿದಾಗ ಇಂಜಿನ್ ಕಡಲಲ್ಲಿ ಮುಳುಗಿರಬಹುದು. ಮುಳುಗಿದ ಇಂಜಿನ್ನನ್ನು ಎತ್ತಿದ ದಿನವೇ ಸಿಹಿನೀರಲ್ಲಿ ತೊಳೆಯಬೇಕು. ಒಳಗಿನ ನೀರು ತೆಗೆಯಬೇಕು. ಎಣ್ಣೆ ಹಾಕಿ ಅವತ್ತೇ ಚಾಲೂ ಮಾಡಬೇಕು. ಹಾಗೆ ಮಾಡದೆ ತಿಂಗಳುಗಟ್ಟಲೆ ಇಟ್ಟಿದ್ದರೆ ಒಳಗಿನ ಬೇರಿಂಗುಗಳು ತುಕ್ಕು ಹಿಡಿದು ಹೋಗಿರುತ್ತವೆ. ಅಂಥ ಇಂಜಿನ್ ಉಳಿಯುವುದು ಬಹಳ ಅಪರೂಪ. ಸುಮ್ಮನೆ ಕೆಲಸವಿಲ್ಲದೆ ಕೂತ ಇಂಜಿನ್ ಬೇರೆ. ಮುಳುಗಿ ಕೂತ ಇಂಜಿನ್ ಬೇರೆ. ಇದನ್ನು ಮನೆಯವರೇ ಹೇಳಬೇಕು. ನೆನಪು ಮಾಡಿಕೊಳ್ಳಿ.

ಎರಡನೆಯ ಪ್ರಶ್ನೆ: ನಿಲ್ಲಿಸುವಾಗ ಅದು ಓಡುತ್ತಿತ್ತೋ? ಓಡುತ್ತಿದ್ದ ಇಂಜಿನ್ನನ್ನು ದೋಣಿ ಇಲ್ಲದ್ದಕ್ಕೆ ನಿಲ್ಲಿಸಿದ್ದರೆ ಆಸೆ ಇಡಬಹುದು. ಕೆಟ್ಟದ್ದಕ್ಕೇ ಮೂಲೆಗೆ ಹಾಕಿದ್ದರೆ ಆ ಹಳೆಯ ಕಾಯಿಲೆ ಇನ್ನೂ ಒಳಗೇ ಇದೆ. ಅದರ ಮೇಲೆ ತುಕ್ಕಿನ ಹೊಸ ಕಾಯಿಲೆಯೂ ಸೇರಿದೆ.

ಮೂರನೆಯ ಪ್ರಶ್ನೆ: ಇದರ ಬಿಡಿಭಾಗ ಸಿಗುತ್ತದೋ? ಇಂಜಿನ್ನನ್ನು ದೋಣಿಗೆ ಬಿಗಿಯುವ ಹಿಡಿಕೆಯ ಹತ್ತಿರ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರ ಮೇಲೆ ಅಕ್ಷರ ಮತ್ತು ಅಂಕಿ ಕೆತ್ತಿರುತ್ತಾರೆ. ಉಪ್ಪು ಕಟ್ಟಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಅಂಕಿಯನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರ ಬರದಿದ್ದರೆ ಚಿತ್ರ ಬಿಡಿಸಿದ ಹಾಗೆ ಬರೆಯಿರಿ, ತೊಂದರೆ ಇಲ್ಲ. ಬಿಡಿಭಾಗದ ಅಂಗಡಿಯಲ್ಲಿ ಅದನ್ನೇ ತೋರಿಸಿ ಕೇಳಿ. ಯಮಹಾ, ಸುಜುಕಿ, ತೋಹಾತ್ಸು ಎಂದೆಲ್ಲ ಹೆಸರಿರುತ್ತದೆ. ಹೆಸರು ಒಂದೇ ಇದ್ದರೂ ಮಾದರಿ ಬೇರೆ ಬೇರೆ. ಮೇಲೆ ಹೇಳಿದ ಎವಿನ್‌ರೂಡ್ ಹೆಸರಿನ ಇಂಜಿನ್ ತಯಾರಿ 2020ರಲ್ಲಿ ನಿಂತೇಹೋಯಿತು. ದೊಡ್ಡ ಹೆಸರಿಗೂ ಕೊನೆ ಇದೆ. ಮುಖ್ಯ ಭಾಗ ಸಿಗದಿದ್ದರೆ ಎಷ್ಟೇ ಒಳ್ಳೆಯ ಇಂಜಿನ್ನೂ ನಿಂತ ಗಡಿಯಾರದ ಹಾಗೆ.

ಆ ಪಟ್ಟಿಯ ನಂಬರಿನಿಂದ ಇನ್ನೊಂದು ಉಪಯೋಗವೂ ಇದೆ. ದೋಣಿಯ ಕಾಗದ, ಸೀಮೆಎಣ್ಣೆ ರಹದಾರಿಯ ಕಾಗದ ಪೆಟ್ಟಿಗೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಕಾಗದದ ನಂಬರಿಗೂ ಇಂಜಿನ್ನಿನ ನಂಬರಿಗೂ ಹೊಂದಿಕೆ ಇದೆಯೋ ನೋಡಿ. ಹೊಂದದಿದ್ದರೆ ರಿಪೇರಿಗೆ ಮೊದಲೇ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ.

ಇಂಜಿನ್ನಿನ ನಾಡಿ ನೋಡುವುದು

ಇನ್ನು ಪರೀಕ್ಷೆ. ವೈದ್ಯರು ನಾಡಿ ನೋಡಿದ ಹಾಗೆ. ಇದನ್ನು ಮಿಸ್ತ್ರಿ ಮಾಡಲಿ. ನಾವು ಪಕ್ಕದಲ್ಲಿ ನಿಂತು ನೋಡುವ, ಕೇಳುವ, ಬರೆದುಕೊಳ್ಳುವ. ಒಂದು ಎಚ್ಚರಿಕೆ. ಪೆಟ್ರೋಲ್ ಇರುವ ಕಡೆ ಬೆಂಕಿ, ಬೀಡಿ, ಚಿಮಣಿ ದೀಪ ಬೇಡ. ಮಕ್ಕಳು ದೂರ ಇರಲಿ. ಬಯಲಲ್ಲೇ ಮಾಡಿ.

ಮೊದಲನೆಯದು, ಅದು ತಿರುಗುತ್ತದೋ? ಮೇಲಿನ ಮುಚ್ಚಳ ತೆಗೆದರೆ ಒಂದು ದೊಡ್ಡ ಚಕ್ರ ಕಾಣುತ್ತದೆ. ಪ್ಲಗ್ ಬಿಚ್ಚಿ ಆ ಚಕ್ರವನ್ನು ಕೈಯಿಂದ ಮೆಲ್ಲ ತಿರುಗಿಸಬೇಕು. ತಿರುಗಿದರೆ ಸಂತೋಷ. ತಿರುಗದಿದ್ದರೆ ಜಾಮ್ ಆಗಿದೆ ಅಂತ ಅರ್ಥ. ಜಾಮ್ ಆದ ಕೂಡಲೇ ಆಸೆ ಬಿಡಬೇಡಿ. ಹಗ್ಗ ಹಾಕಿ ಜಗ್ಗಬೇಡಿ, ಸುತ್ತಿಗೆಯಿಂದ ಹೊಡೆಯಬೇಡಿ. ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಸ್ವಲ್ಪ ಬಿಡಬೇಕು. ಕೆಲವು ದಿನ ನೆನೆಯಲು ಬಿಡಬೇಕು. ದಿನಕ್ಕೊಮ್ಮೆ ಮೆಲ್ಲ ಅಲುಗಾಡಿಸಿ ನೋಡಬೇಕು. ಗಟ್ಟಿ ಕಡಲೆಯನ್ನು ರಾತ್ರಿ ನೆನೆಹಾಕುತ್ತೇವಲ್ಲ, ಹಾಗೆ. ತಾಳ್ಮೆಗೆ ಬಗ್ಗಿದರೆ ಒಳ್ಳೆಯದು. ವಾರ ಎರಡು ವಾರ ನೆನೆದರೂ ಬಗ್ಗದಿದ್ದರೆ ಒಳಗೆ ತುಕ್ಕು ಬೆಸುಗೆ ಹಾಕಿದೆ.

ಎರಡನೆಯದು, ಅದಕ್ಕೆ ಉಸಿರು ಇದೆಯೋ? ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಒತ್ತುತ್ತದೆ. ಇದಕ್ಕೆ ಕಂಪ್ರೆಷನ್ ಎಂದು ಹೆಸರು. ಮಿಸ್ತ್ರಿಯ ಹತ್ತಿರ ಇದನ್ನು ಅಳೆಯುವ ಗಡಿಯಾರದಂಥ ಮೀಟರ್ ಇರುತ್ತದೆ. ಪ್ಲಗ್ಗಿನ ಜಾಗಕ್ಕೆ ಅದನ್ನು ಸಿಕ್ಕಿಸಿ ಹಗ್ಗ ಎಳೆದರೆ ಮುಳ್ಳು ಅಂಕಿ ತೋರಿಸುತ್ತದೆ. ಎಷ್ಟಿರಬೇಕು ಅನ್ನುವುದು ಆ ಮಾದರಿಯ ಪುಸ್ತಕದಲ್ಲಿ ಇರುತ್ತದೆ. ಎರಡು ಸಿಲಿಂಡರ್ ಇದ್ದರೆ ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಒಂದು 100 ತೋರಿಸಿ ಇನ್ನೊಂದು 98 ತೋರಿಸಿದರೆ ಚಿಂತೆ ಇಲ್ಲ. ಒಂದು 100, ಇನ್ನೊಂದು 60 ಇದ್ದರೆ ಆ ಕಡೆ ಒಳಗೆ ಸವೆದಿದೆ ಅಥವಾ ಒಡೆದಿದೆ. ಇದು ದೊಡ್ಡ ಖರ್ಚು. ಈ ಎರಡು ಅಂಕಿಯನ್ನು ತಪ್ಪದೆ ಬರೆದುಕೊಳ್ಳಿ. ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಮೂರನೆಯದು, ಕಿಡಿ ಬರುತ್ತದೋ? ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟನೆ ಹಾರಬೇಕು. ಮಂಕಾದ ಹಳದಿ ಕಿಡಿ ಆದರೆ ಶಕ್ತಿ ಸಾಲದು. ಕಿಡಿ ಬಾರದಿದ್ದರೆ ಪ್ಲಗ್ ಹೋಗಿರಬಹುದು. ಅದು ಸಣ್ಣ ಖರ್ಚು. ಒಳಗಿನ ಕಾಯಿಲ್ ಹೋಗಿದ್ದರೆ ಖರ್ಚು ಹೆಚ್ಚು.

ನಾಲ್ಕನೆಯದು, ಕೆಳಗಿನ ಎಣ್ಣೆ. ನೀರಲ್ಲಿ ಮುಳುಗುವ ಭಾಗದೊಳಗೆ ಗೇರ್ ಇದೆ. ಅಲ್ಲಿ ಎಣ್ಣೆ ತುಂಬಿರುತ್ತದೆ. ಕೆಳಗಿನ ಸ್ಕ್ರೂ ಬಿಚ್ಚಿ ಒಂದು ಬಿಳಿ ಬಟ್ಟಲಿಗೆ ಆ ಎಣ್ಣೆ ಹಿಡಿಯಿರಿ. ಎಣ್ಣೆ ಎಣ್ಣೆಯ ಹಾಗೇ ಇದ್ದರೆ ಒಳ್ಳೆಯದು. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಸೀಲ್ ಬದಲಾಯಿಸಬೇಕು. ಅದು ಆಗುವ ಕೆಲಸವೇ. ಆದರೆ ಎಣ್ಣೆಯಲ್ಲಿ ಕಬ್ಬಿಣದ ಚೂರು ಕೈಗೆ ಸಿಕ್ಕಿದರೆ ಗೇರಿನ ಹಲ್ಲು ಮುರಿದಿದೆ. ಅದು ದೊಡ್ಡ ಕಾಯಿಲೆ.

ಐದನೆಯದು, ಬೋಲ್ಟುಗಳು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಜಿನ್ನಿನ ಮೈ ಅಲ್ಯೂಮಿನಿಯಂ. ಬೋಲ್ಟು ಉಕ್ಕಿನದು. ಉಪ್ಪುನೀರು ಸೇರಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸುತ್ತ ಬಿಳಿ ಹುಡಿ ಕಟ್ಟುತ್ತದೆ. ಬಿಚ್ಚಲು ಹೋದರೆ ಬೋಲ್ಟಿನ ತಲೆ ಮುರಿಯುತ್ತದೆ. ಮುರಿದ ಬೋಲ್ಟ್ ತೆಗೆಯಲು ಅರ್ಧ ದಿನ ಬೇಕಾಗಬಹುದು. ಮಿಸ್ತ್ರಿಯ ಕೂಲಿ ಏರುವುದು ಇಲ್ಲಿಯೇ. ಆದ್ದರಿಂದ ಮೊದಲೇ ಎರಡು ಮೂರು ಬೋಲ್ಟ್ ಸಡಿಲಿಸಿ ನೋಡಲು ಹೇಳಿ.

ಆರನೆಯದು, ನೀರಿನ ಪಂಪು. ಇಂಜಿನ್ ಬಿಸಿಯಾಗದ ಹಾಗೆ ಅದು ಕಡಲ ನೀರನ್ನು ಮೇಲಕ್ಕೆ ಎಳೆಯುತ್ತದೆ. ಅದರೊಳಗೆ ರಬ್ಬರಿನ ಸಣ್ಣ ಚಕ್ರ ಇದೆ. ವರ್ಷಗಟ್ಟಲೆ ಕೂತರೆ ಆ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ನೋಡಲು ಚೆನ್ನಾಗಿ ಕಂಡರೂ ಬದಲಾಯಿಸಿಬಿಡಿ. ಪೆಟ್ರೋಲ್ ಬರುವ ಪೈಪು, ಕೈಯಲ್ಲಿ ಹಿಂಡುವ ಬಲ್ಬು, ಇವೂ ರಬ್ಬರೇ. ಕಾರ್ಬುರೇಟರಿನಲ್ಲಿ ಹಳೆಯ ಪೆಟ್ರೋಲ್, ಸೀಮೆಎಣ್ಣೆ ಅಂಟಾಗಿ ಕೂತಿರುತ್ತದೆ. ಅದನ್ನು ಬಿಚ್ಚಿ ತೊಳೆಯಬೇಕು. ಇವೆಲ್ಲ ಕೂತ ಇಂಜಿನ್ನಿಗೆ ಬರುವ ಸಾಮಾನ್ಯ ನೆಗಡಿ. ಹೆದರಬೇಕಾಗಿಲ್ಲ.

ಕೊನೆಯದು, ಓಡಿಸಿ ನೋಡುವುದು. ಇಂಜಿನ್ನನ್ನು ಒಣಗಿದ ಜಾಗದಲ್ಲಿ ಎಂದೂ ಚಾಲೂ ಮಾಡಬಾರದು. ನೀರಿಲ್ಲದೆ ಓಡಿದರೆ ಪಂಪಿನ ರಬ್ಬರ್ ಚಕ್ರ ಸುಟ್ಟು ಹೋಗುತ್ತದೆ. ದೊಡ್ಡ ಡ್ರಮ್ಮಿನಲ್ಲಿ ಸಿಹಿನೀರು ತುಂಬಿ ಅದರಲ್ಲಿ ಇಳಿಸಬೇಕು. ಓಡುವಾಗ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಬೇಕು. ಹೊಗೆ ಕೆಟ್ಟದ್ದು, ಮುಚ್ಚಿದ ಕೋಣೆಯಲ್ಲಿ ಓಡಿಸಬೇಡಿ.

ನೋಡಿ, ಇಷ್ಟರಲ್ಲಿ ಬಣ್ಣದ ಮಾತು ಬಂತೇ? ಬರಲಿಲ್ಲ. ಬಣ್ಣ ಹೊಡೆದ ಇಂಜಿನ್ ನೋಡಿ ಮರುಳಾಗಬೇಡಿ. ಮುಳುಗಿದ ಇಂಜಿನ್ನಿಗೂ ಬಣ್ಣ ಹೊಡೆಯಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಲೆಕ್ಕ ಬರೆಯುವ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕ ಕಲಿಯಲು ಕೆಲವು ಅಂಕಿ ಇಟ್ಟುಕೊಳ್ಳುವ. ಇದು ಪೇಟೆಯ ದರ ಅಲ್ಲ. ನಿಮ್ಮ ಊರಿನ ದರವನ್ನು ನೀವೇ ಕೇಳಿ ಬರೆಯಬೇಕು.

ಪಂಪಿನ ರಬ್ಬರ್ ಚಕ್ರ: 1,500 ರೂಪಾಯಿ
ಎರಡು ಪ್ಲಗ್: 500 ರೂಪಾಯಿ
ಕಾರ್ಬುರೇಟರ್ ತೊಳೆದು ಹೊಸ ರಬ್ಬರ್ ಹಾಕುವುದು: 2,500 ರೂಪಾಯಿ
ಗೇರ್ ಎಣ್ಣೆ, ಸೀಲ್: 2,000 ರೂಪಾಯಿ
ಪೆಟ್ರೋಲ್ ಪೈಪು, ಬಲ್ಬು: 1,500 ರೂಪಾಯಿ
ಮಿಸ್ತ್ರಿಯ ಕೂಲಿ: 5,000 ರೂಪಾಯಿ
ಒಟ್ಟು: 13,000 ರೂಪಾಯಿ

ಇಲ್ಲಿಗೆ ಮುಗಿಯಿತೇ? ಇಲ್ಲ. ಹಳೆಯ ಇಂಜಿನ್ ಬಿಚ್ಚಿದಾಗ ಕಾಣದ ಖರ್ಚು ಒಂದಾದರೂ ಹೊರಗೆ ಬರುತ್ತದೆ. ಅದಕ್ಕೆಂದು ಮೂರರಲ್ಲಿ ಒಂದು ಪಾಲು ಮೇಲೆ ಸೇರಿಸಿ. ಸುಮಾರು 4,000. ಈಗ ಒಟ್ಟು 17,000 ಆಯಿತು.

ಇನ್ನು ಇನ್ನೊಂದು ಅಂಕಿ ಬೇಕು. ಅದೇ ಅಶ್ವಶಕ್ತಿಯ, ಓಡುತ್ತಿರುವ ಸೆಕೆಂಡ್‌ಹ್ಯಾಂಡ್ ಇಂಜಿನ್ನಿಗೆ ಎಷ್ಟು? ದಕ್ಕೆಯಲ್ಲಿ ನಾಲ್ಕು ಜನರನ್ನು ಕೇಳಿ. 60,000 ಅಂತ ಇಟ್ಟುಕೊಳ್ಳುವ. ಅದರ ಅರ್ಧ 30,000. ರಿಪೇರಿ ಖರ್ಚು ಈ ಅರ್ಧದ ಒಳಗೆ ಇದ್ದರೆ ಮಾಡಿಸಬಹುದು. 17,000 ಅನ್ನುವುದು 30,000ಕ್ಕಿಂತ ಕಡಿಮೆ. ಆದ್ದರಿಂದ ಈ ಇಂಜಿನ್ ರಿಪೇರಿಗೆ ಯೋಗ್ಯ.

ಈಗ ಇನ್ನೊಂದು ಇಂಜಿನ್ ನೋಡುವ. ಅದಕ್ಕೆ ಮೇಲಿನ 13,000 ಬೇಕು. ಒಳಗೂ ಸವೆದಿದೆ. ಪಿಸ್ಟನ್, ರಿಂಗ್, ಬೇರಿಂಗ್, ಬೋರಿಂಗ್ ಕೆಲಸಕ್ಕೆ 25,000 ಬೇಕು. ಒಟ್ಟು 38,000. ಕಾಣದ ಖರ್ಚು ಸುಮಾರು 12,000. ಅಲ್ಲಿಗೆ 50,000 ಆಯಿತು. ಇದು ಅರ್ಧವನ್ನು ದಾಟಿತು. ಇನ್ನೊಂದು 10,000 ಸೇರಿಸಿದರೆ ಓಡುವ ಇಂಜಿನ್ನೇ ಬರುತ್ತದೆ. ಇಂಥದ್ದಕ್ಕೆ ದುಡ್ಡು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ.

ಸಾಲದ ಬಡ್ಡಿಯನ್ನೂ ಬರೆಯಬೇಕು. 17,000 ರೂಪಾಯಿ ಸಾಲ. ಸಂಘದಲ್ಲಿ ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ ಆದರೆ ತಿಂಗಳಿಗೆ 170. ವರ್ಷಕ್ಕೆ 2,040. ಕೈಸಾಲ ಕೊಡುವವರು ನೂರಕ್ಕೆ 3 ರೂಪಾಯಿ ಕೇಳಿದರೆ ತಿಂಗಳಿಗೆ 510. ವರ್ಷಕ್ಕೆ 6,120. ಇಂಜಿನ್ ಅದೇ, ರಿಪೇರಿ ಅದೇ. ಸಾಲ ತಂದ ಜಾಗ ಬೇರೆಯಾದದ್ದಕ್ಕೆ 4,080 ರೂಪಾಯಿ ಹೆಚ್ಚು ಹೋಯಿತು. ಈ ಕಳೆಯುವ ಲೆಕ್ಕ ನಾವು ಕಲಿತಾಗಿದೆಯಲ್ಲ, ಮಾಡಿ ನೋಡಿ.

ಮಿಸ್ತ್ರಿಯ ಹತ್ತಿರ ಮಾತಾಡುವ ರೀತಿ

ಮಿಸ್ತ್ರಿಯವರ ಮೇಲೆ ಸಂಶಯ ಪಡಬೇಕಾಗಿಲ್ಲ. ಅವರದ್ದೂ ಕಷ್ಟದ ಕೆಲಸ. ಆದರೆ ಬಾಯಿಮಾತಿನ ಲೆಕ್ಕ ಇಬ್ಬರಿಗೂ ತೊಂದರೆ. ಹೀಗೆ ಹೇಳಿ: "ಅಣ್ಣ, ಮೊದಲು ನಾಡಿ ನೋಡಿ. ಅದಕ್ಕೆ ಎಷ್ಟು ಕೂಲಿ ಹೇಳಿ, ಕೊಡ್ತೇವೆ. ಆಮೇಲೆ ಏನೇನು ಬೇಕು ಅಂತ ಚೀಟಿಯಲ್ಲಿ ಬರೆದುಕೊಡಿ. ಚೀಟಿಗಿಂತ ಹೆಚ್ಚು ಆಗುವ ಹಾಗಿದ್ದರೆ ಮುಂದೆ ಕೆಲಸ ಮಾಡುವ ಮೊದಲು ನಮಗೆ ಹೇಳಿ." ಒಳ್ಳೆಯ ಮಿಸ್ತ್ರಿ ಈ ಮಾತಿಗೆ ಬೇಸರ ಪಡುವುದಿಲ್ಲ. ತೆಗೆದ ಹಳೆಯ ಭಾಗಗಳನ್ನು ಮನೆಗೆ ಕೊಡಲು ಹೇಳಿ. ಹೊಸದು ಹಾಕಿದ್ದಕ್ಕೆ ಅದೇ ಸಾಕ್ಷಿ.

ಚೀಟಿಯ ಕೆಳಗೆ ಒಂದು ಗೆರೆ ಎಳೆದು ನೀವೂ ಒಂದು ಅಂಕಿ ಬರೆಯಿರಿ. "ಇದಕ್ಕಿಂತ ಹೆಚ್ಚು ಹಾಕುವುದಿಲ್ಲ" ಅನ್ನುವ ಅಂಕಿ. ಮನೆಯವರೆಲ್ಲ ಕೂತು ಒಪ್ಪಿ ಬರೆಯಬೇಕು. ಅರ್ಧ ದುಡ್ಡು ಹೋದ ಮೇಲೆ ಒಂದು ಆಸೆ ಹುಟ್ಟುತ್ತದೆ. "ಇಷ್ಟು ಹಾಕಿ ಆಯ್ತಲ್ಲ, ಇನ್ನು ಸ್ವಲ್ಪ ಹಾಕುವ" ಅನ್ನಿಸುತ್ತದೆ. ಹೋದ ದುಡ್ಡು ಹೋಯಿತು. ಇನ್ನು ಹಾಕುವ ದುಡ್ಡಿಗೆ ಏನು ಸಿಗುತ್ತದೆ ಅನ್ನುವುದು ಮಾತ್ರ ಲೆಕ್ಕ.

ನಮ್ಮ ಕೇಂದ್ರದ ಒಬ್ಬ ಅಕ್ಕನ ವಿಚಾರ

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಇದ್ದಾರೆ. ಗಂಡ ತೀರಿಕೊಂಡು ನಾಲ್ಕು ಮಳೆಗಾಲ ಕಳೆಯಿತು. ಅವರ ಇಂಜಿನ್ ಕೊಟ್ಟಿಗೆಯಲ್ಲೇ ಇತ್ತು. ಗುಜರಿಯವನು ಎರಡು ಸಲ ಬಂದು ಹೋದ. ಮಗ ರಿಪೇರಿ ಮಾಡಿಸುವ ಹಟ ಹಿಡಿದ. ಅಕ್ಕ ಓಲೆ ಅಡವಿಡಲು ಹೊರಟಿದ್ದರು. ಹೊರಡುವ ಮೊದಲು ಪಟ್ಟಿಯ ನಂಬರ್ ಬರೆದುಕೊಂಡು ಕೇಂದ್ರಕ್ಕೆ ಬಂದರು. ಎಲ್ಲರೂ ಕೂಡಿ ಪ್ರಶ್ನೆ ಬರೆದೆವು. ಮಿಸ್ತ್ರಿಯನ್ನು ಕರೆಸಿದೆವು.

ಇಂಜಿನ್ ಜಾಮ್ ಆಗಿತ್ತು. ಎಣ್ಣೆ ಬಿಟ್ಟು ಕಾದರು. ಆರನೆಯ ದಿನ ಚಕ್ರ ತಿರುಗಿತು. ಮಗನಿಗೆ ಹಿಗ್ಗು. ಮೀಟರ್ ಹಾಕಿ ನೋಡಿದರು. ಒಂದು ಸಿಲಿಂಡರ್ ಸರಿ ಇತ್ತು, ಇನ್ನೊಂದು ಅರ್ಧಕ್ಕೆ ನಿಂತಿತು. ಕೆಳಗಿನ ಗೇರಿನ ಎಣ್ಣೆ ಮಾತ್ರ ಶುದ್ಧವಾಗಿತ್ತು. ಲೆಕ್ಕ ಹಾಕಿದರು. ರಿಪೇರಿ ಅರ್ಧದ ಗೆರೆ ದಾಟಿತು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಅವರು ದಿನಾ ಇದನ್ನು ಸಿಹಿನೀರಲ್ಲಿ ತೊಳೆದು ಇಡ್ತಿದ್ರು. ಕೊಡುವುದು ಹೇಗೆ?" ಅಲ್ಲಿದ್ದ ಹಿರಿಯ ಅಮ್ಮ ಒಬ್ಬರು ಹೇಳಿದರು, "ಮಗಳೇ, ಅವರು ತೊಳೆದು ಇಟ್ಟದ್ದು ನಿಮ್ಮ ಹೊಟ್ಟೆ ತುಂಬಲಿ ಅಂತ. ಓಲೆ ಹೋಗಲಿ ಅಂತ ಅಲ್ಲ."

ಗುಜರಿಗೂ ಕೊಡಲಿಲ್ಲ. ಅದೇ ಮಾದರಿಯ ಇಂಜಿನ್ ಇದ್ದ ಇನ್ನೊಂದು ದೋಣಿಯವರಿಗೆ ಗೇರಿನ ಭಾಗ ಬೇಕಿತ್ತು. ಅವರು ಇಡೀ ಇಂಜಿನ್ ಬಿಡಿಭಾಗಕ್ಕೆಂದು ಕೊಂಡರು. ಗುಜರಿಯವನು ಹೇಳಿದ್ದಕ್ಕಿಂತ ಹೆಚ್ಚು ಬೆಲೆ ಬಂತು. ಗಂಡ ತೊಳೆದು ಇಟ್ಟಿದ್ದರಿಂದಲೇ ಆ ಭಾಗ ಉಳಿದಿತ್ತು. ಓಲೆ ಕಿವಿಯಲ್ಲೇ ಉಳಿಯಿತು. ಮಗ ಈಗ ಆ ದೋಣಿಯಲ್ಲೇ ಪಾಲಿಗೆ ಹೋಗುತ್ತಾನೆ. ಸ್ವಂತ ಇಂಜಿನ್ನಿಗೆ ಸಂಘದಲ್ಲಿ ಉಳಿತಾಯ ಮಾಡುತ್ತಿದ್ದಾನೆ.

ಆದ್ದರಿಂದ ದಾರಿ ಎರಡೇ ಅಲ್ಲ, ಮೂರು ಇವೆ. ರಿಪೇರಿ ಒಂದು. ಬಿಡಿಭಾಗಕ್ಕೆ ಮಾರುವುದು ಇನ್ನೊಂದು. ಎರಡೂ ಆಗದಿದ್ದರೆ ಗುಜರಿ.

ದಡದ ಲೆಕ್ಕ, ಕಡಲ ಲೆಕ್ಕ

ಕೊನೆಗೆ ಅಪಾಯದ ಮಾತು. ರಿಪೇರಿ ಆದ ಇಂಜಿನ್ ಡ್ರಮ್ಮಿನಲ್ಲಿ ಚೆನ್ನಾಗಿ ಓಡಿತು ಅಂತ ಮರುದಿನವೇ ಕಡಲಿಗೆ ಕಳಿಸಬೇಡಿ. ದಡದಲ್ಲಿ ನಿಂತರೆ ದುಡ್ಡು ಹೋಗುತ್ತದೆ. ಅಳಿವೆಯಲ್ಲಿ ಅಲೆಯ ನಡುವೆ ನಿಂತರೆ ಜೀವ ಹೋಗುತ್ತದೆ. ಮಳೆಗಾಲದ ಅಳಿವೆ ಹೇಗಿರುತ್ತದೆ ಅಂತ ನಿಮಗೆ ಯಾರೂ ಹೇಳಬೇಕಾಗಿಲ್ಲ.

ಮೊದಲು ಹೊಳೆಯ ಹಿನ್ನೀರಿನಲ್ಲಿ ಓಡಿಸಲಿ. ಕೆಲವು ದಿನ ಅಲ್ಲೇ ಓಡಲಿ. ನಿಲ್ಲಿಸಿ ಮತ್ತೆ ಚಾಲೂ ಮಾಡಿ ನೋಡಲಿ. ಆಮೇಲೆ ಶಾಂತ ಕಡಲಿಗೆ, ಇನ್ನೊಂದು ದೋಣಿಯ ಜೊತೆಯಲ್ಲಿ ಹೋಗಲಿ. ದೋಣಿಯಲ್ಲಿ ಹುಟ್ಟು, ಲಂಗರು, ಹೊಸ ಪ್ಲಗ್, ಲೈಫ್ ಜಾಕೆಟ್ ಇರಲಿ. ಕಡಲಲ್ಲಿ ಆಪತ್ತು ಬಂದರೆ ಕೋಸ್ಟ್ ಗಾರ್ಡಿನವರಿಗೆ ಫೋನ್ ಮಾಡುವ ನಂಬರ್ 1554. ಈ ನಾಲ್ಕು ಅಂಕಿಯನ್ನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ. ದೋಣಿಯ ಒಳಬದಿಗೂ ಬರೆಸಿ.

ಓಡುವ ಇಂಜಿನ್ ಮತ್ತೆ ಮೂಲೆಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಕಡಲಿಂದ ಬಂದ ಕೂಡಲೇ ಸಿಹಿನೀರಲ್ಲಿ ಓಡಿಸಿ ಉಪ್ಪು ತೊಳೆಯಬೇಕು. ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ನನ್ನು ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಬೇಕು. ಇಲ್ಲದಿದ್ದರೆ ಸೀಮೆಎಣ್ಣೆ ಕಾರ್ಬುರೇಟರಿನಲ್ಲೇ ಉಳಿಯುತ್ತದೆ. ಹೆಚ್ಚು ದಿನ ನಿಲ್ಲಿಸುವುದಾದರೆ ಇಂಧನ ಪೂರ್ತಿ ಖಾಲಿ ಮಾಡಬೇಕು. ನಿಲ್ಲಿಸಿ ಒರಗಿಸಿಡಬೇಕು. ಮಣ್ಣಿನ ಮೇಲೆ ಮಲಗಿಸಬಾರದು.

ಪುಸ್ತಕದಲ್ಲಿ ಬರೆದುಕೊಳ್ಳಿ

1. ಇಂಜಿನ್ ನೀರಿಗೆ ಬಿದ್ದಿತ್ತೋ?
2. ನಿಲ್ಲಿಸುವಾಗ ಓಡುತ್ತಿತ್ತೋ?
3. ಪಟ್ಟಿಯ ನಂಬರ್ ಎಷ್ಟು? ಬಿಡಿಭಾಗ ಸಿಗುತ್ತದೋ?
4. ಚಕ್ರ ತಿರುಗುತ್ತದೋ?
5. ಕಂಪ್ರೆಷನ್ ಅಂಕಿ ಎಷ್ಟು? ಎರಡೂ ಸಮವೋ?
6. ಕಿಡಿ ನೀಲಿಯೋ?
7. ಗೇರ್ ಎಣ್ಣೆ ಶುದ್ಧವೋ, ಹಾಲಿನ ಹಾಗೋ?
8. ಬೋಲ್ಟ್ ಬಿಚ್ಚುತ್ತದೋ?
9. ಒಟ್ಟು ಖರ್ಚು ಎಷ್ಟು? ಕಾಣದ ಖರ್ಚು ಸೇರಿಸಿದಿರೋ?
10. ಓಡುವ ಹಳೆಯ ಇಂಜಿನ್ನಿನ ಅರ್ಧ ಬೆಲೆ ಎಷ್ಟು?

ಹತ್ತು ಪ್ರಶ್ನೆಗೆ ಹತ್ತು ಉತ್ತರ ಬರೆದರೆ ಒಂದು ಪುಟ ತುಂಬುತ್ತದೆ. ಆ ಪುಟವನ್ನು ಮನೆಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದಿ. ಗಂಡ ಇರಲಿ, ಮಗ ಇರಲಿ, ಮೈದುನ ಇರಲಿ, ಎಲ್ಲರೂ ಕೇಳಲಿ. ಆಮೇಲೆ ತೀರ್ಮಾನ ಮಾಡಿ. ರಿಪೇರಿ ಆಗಲಿ, ಮಾರಾಟ ಆಗಲಿ, ಅದು ಲೆಕ್ಕ ನೋಡಿ ಮಾಡಿದ ತೀರ್ಮಾನ ಆಗಿರಲಿ.

ಮುಂದಿನ ವಾರ ಬರುವಾಗ ನಿಮ್ಮ ಮನೆಯ ಇಲ್ಲವೇ ನೆರೆಮನೆಯ ಇಂಜಿನ್ನಿನ ಪಟ್ಟಿಯ ನಂಬರ್ ಬರೆದು ತನ್ನಿ. ಎಲ್ಲರೂ ಕೂತು ಓದುವ.